ಅತ್ತೆಯ ಮಡಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ. ಭಾಷಣಕಾರರ ಕೋರಿಕೆಯಂತೆ ಅವರ ಹೆಸರನ್ನು ಪ್ರಕಟಿಸಿಲ್ಲ.)



ಮಕ್ಕಳ ಕಿಡ್ನಿ ಕಾಯಿಲೆಯ ಬಗ್ಗೆ ಹದಿನೈದು ನಿಮಿಷ ಮಾತನಾಡಬೇಕೆಂದು ಕನ್ನಡ ವಿಭಾಗದವರು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಡಾಕ್ಟರಲ್ಲ. ಡೊಂಬಿವಿಲಿಯಲ್ಲಿ ಮನೆ, ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಶಿಕ್ಷಕಿ. ಆದರೆ ನನ್ನ ಮಗಳಿಗೆ ನಾಲ್ಕನೆಯ ವಯಸ್ಸಿನಲ್ಲಿ ಈ ಕಾಯಿಲೆ ಬಂತು. ಅವಳನ್ನು ಸಾಕಿದ ಅನುಭವವನ್ನು ಹೇಳಿದರೆ ಸಾಕು ಎಂದರು. ಹಾಗಾದರೆ ನಾನು ನಮ್ಮ ಅತ್ತೆಯವರ ಬಗ್ಗೆಯೂ ಹೇಳಬೇಕಾಗುತ್ತದೆ ಎಂದೆ. ಒಪ್ಪಿದರು.

ನಮ್ಮದು ಧಾರವಾಡ ಕಡೆಯ ಮನೆತನ. ರಾಯರ ಭಕ್ತರು. ಗುರುವಾರ ಒಪ್ಪತ್ತು, ಏಕಾದಶಿಗೆ ನಿರಾಹಾರ, ಮನೆಯಲ್ಲಿ ಮಡಿ ಅಡುಗೆ. ನಮ್ಮ ಅತ್ತೆ ಎಂದರೆ ನನ್ನ ತಂದೆಯ ಸ್ವಂತ ತಂಗಿ. ಅವರ ಮಗನಿಗೆ ನನ್ನನ್ನು ತಂದುಕೊಂಡರು. ನಮ್ಮ ಕಡೆ ಇದು ಹೊಸದಲ್ಲ. ಕೇಳುವ ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಂಥ ಸಂಬಂಧ ಇದ್ದೇ ಇರುತ್ತದೆ. ಈ ಮಾತನ್ನು ಈಗಲೇ ಏಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ.

2012ರ ಮಳೆಗಾಲ. ಮಗಳು ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಮರುದಿನ ಮತ್ತೆ ಹಾಗೆಯೇ. “ಮುಖ ಯಾಕ ಹಿಂಗ ಬಾತದ?” ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ ನಿವಾಳಿಸಿದರು. ಓಣಿಯ ಡಾಕ್ಟರು ಅಲರ್ಜಿ ಎಂದು ಮಾತ್ರೆ ಕೊಟ್ಟರು. ಹತ್ತು ದಿನಗಳಲ್ಲಿ ಕಾಲು ಬಾತವು, ಹೊಟ್ಟೆ ಬಾತಿತು, ಹಿಂದಿನ ತಿಂಗಳು ಸರಿಯಾಗಿದ್ದ ಫ್ರಾಕು ಹಿಡಿಯದಾಯಿತು. ಮೂತ್ರದಲ್ಲಿ ನೊರೆ ನಿಲ್ಲುತ್ತಿತ್ತು. ಅದನ್ನು ನಾನು ನೋಡಿದ್ದೆ, ಆದರೆ ಅದಕ್ಕೆ ಅರ್ಥವಿದೆಯೆಂದು ಗೊತ್ತಿರಲಿಲ್ಲ. ಕೊನೆಗೆ ಮಕ್ಕಳ ಡಾಕ್ಟರೊಬ್ಬರು ಮೂತ್ರ ಪರೀಕ್ಷೆ ಮಾಡಿಸಿದಾಗ ಪ್ರೋಟೀನು ನಾಲ್ಕು ಪ್ಲಸ್ ಬಂತು. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಹೆಸರನ್ನು ಅಂದೇ ಮೊದಲ ಸಲ ಕೇಳಿದ್ದು.

ಡಾಕ್ಟರು ತಿಳಿಸಿಕೊಟ್ಟಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಸೋಸುವ ಜಾಲರಿಗಳಿವೆ. ಕಸ ಹೊರಗೆ ಹೋಗಬೇಕು, ಪ್ರೋಟೀನು ರಕ್ತದಲ್ಲೇ ಉಳಿಯಬೇಕು. ಜಾಲರಿಯ ಕಂಡಿ ದೊಡ್ಡದಾದರೆ ಪ್ರೋಟೀನು ಸೋರಿಹೋಗುತ್ತದೆ. ರಕ್ತದಲ್ಲಿ ಪ್ರೋಟೀನು ಕಡಿಮೆಯಾದಾಗ ನೀರು ರಕ್ತನಾಳದಲ್ಲಿ ನಿಲ್ಲದೆ ಮೈಯಲ್ಲಿ ತುಂಬಿಕೊಳ್ಳುತ್ತದೆ. ಅದೇ ಬಾವು. ಈ ಕಾಯಿಲೆ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಟೆರಾಯ್ಡ್ ಮಾತ್ರೆಯಿಂದ ಸೋರುವುದು ನಿಲ್ಲುತ್ತದೆ. ಆಮೇಲೆ ಅದು ಆಗಾಗ ಮರುಕಳಿಸಬಹುದು, ಆದರೆ ಬಹಳಷ್ಟು ಮಕ್ಕಳು ದೊಡ್ಡವರಾಗುತ್ತ ಅದರಿಂದ ಪಾರಾಗುತ್ತಾರೆ. ಅವರ ಕಿಡ್ನಿ ಹಾಳಾಗುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಕಥೆ ಕೇಳಿ ಯಾವ ತಾಯಿಯೂ ಹೆದರಬಾರದು.

ನಮ್ಮ ಮಗಳು ಉಳಿದ ಕೆಲವರ ಗುಂಪಿಗೆ ಸೇರಿದ್ದಳು. ಆರು ವಾರ ಮಾತ್ರೆ ಕೊಟ್ಟರೂ ಪ್ರೋಟೀನು ನಿಲ್ಲಲಿಲ್ಲ. ಮುಖ ದುಂಡಗಾಯಿತು, ಬೆನ್ನ ಮೇಲೆ ಕೂದಲು ಬಂದವು, ಹಸಿವು ಹೆಚ್ಚಾಗಿ ರಾತ್ರಿ ಎದ್ದು ಅನ್ನ ಕೇಳುತ್ತಿದ್ದಳು. ನಾನು ದಿನಾ ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ಅವಳ ಮೂತ್ರ ಹಾಕಿ, ಆಸ್ಪತ್ರೆಯವರು ಕೊಟ್ಟ ದ್ರಾವಣದ ಹನಿ ಬಿಟ್ಟು ನೋಡುತ್ತಿದ್ದೆ. ತಿಳಿಯಾಗಿದ್ದರೆ ಒಳ್ಳೆಯದು, ಹಾಲಿನಂತಾದರೆ ಪ್ರೋಟೀನು ಹೋಗುತ್ತಿದೆ ಎಂದು ಅರ್ಥ. ನಮ್ಮ ಹಿರಿಯ ಮಗ ಆಗ ಎರಡನೆಯ ಕ್ಲಾಸು. ತಾರೀಖು, ತೂಕ, ಎಷ್ಟು ಪ್ಲಸ್ ಎಂಬುದನ್ನು ನೋಟುಬುಕ್ಕಿನಲ್ಲಿ ಅವನೇ ಬರೆಯುತ್ತಿದ್ದ. ತಿಂಗಳುಗಟ್ಟಲೆ ಹಾಲೇ ಕಂಡಿತು.

ಬಯಾಪ್ಸಿ ಮಾಡಿದರು. ಜಾಲರಿಗಳಲ್ಲಿ ಅಲ್ಲಲ್ಲಿ ಕಲೆ ಕಟ್ಟುತ್ತಿದೆ ಎಂದರು. ಇನ್ನೂ ಜೋರಾದ ಔಷಧಿ ಒಂದು ವರ್ಷಕ್ಕೂ ಮೇಲೆ ಕೊಟ್ಟರು, ಉಪಯೋಗವಾಗಲಿಲ್ಲ.

ಈ ಹೊತ್ತಿನಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಹರಕೆ ಹೊತ್ತಿದ್ದೆವು, ನವಗ್ರಹ ಶಾಂತಿ ಮಾಡಿಸಿದ್ದೆವು. ಅದರಿಂದ ಕೇಡೇನೂ ಆಗಲಿಲ್ಲ, ಮನಸ್ಸಿಗೆ ಸಮಾಧಾನವಿತ್ತು. ಆದರೆ ಪರಿಚಯದವರೊಬ್ಬರು ಹೇಳಿದರೆಂದು ಒಬ್ಬರ ಬಳಿ ಭಸ್ಮ ತಂದು ಎರಡು ತಿಂಗಳು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದೆವು. ಡಾಕ್ಟರಿಗೆ ಹೇಳಲಿಲ್ಲ. ದೇವರ ಪ್ರಸಾದದ ಹಾಗೆ ಕೊಟ್ಟಿದ್ದರಿಂದ ಅದು ಔಷಧಿ ಎಂದೇ ನಮಗೆ ಅನಿಸಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಡಾಕ್ಟರು ಕೇಳಿದಾಗ ಪುಡಿಯ ಪೊಟ್ಟಣ ತೋರಿಸಿದೆ. ಅವರು ಬೈಯಲಿಲ್ಲ. ಏನಿದೆಯೆಂದು ಬರೆಯದ ಭಸ್ಮಗಳಲ್ಲಿ ಪಾದರಸ, ಸೀಸ ಇರುವುದುಂಟು, ಅವು ಕಿಡ್ನಿಗೆ ನೇರ ವಿಷ, ಎಂದರು. ಇದರಿಂದಲೇ ಏರಿತೇ ಎಂದು ಕೇಳಿದೆ. ಹೇಳಲಾಗದು, ಕಾಯಿಲೆಯೂ ಮುಂದುವರಿಯುತ್ತಿತ್ತು, ಎಂದರು. ಆ ಎರಡು ತಿಂಗಳು ಇಂದಿಗೂ ನನ್ನ ಮನಸ್ಸಿನಲ್ಲಿ ಕೂತಿವೆ.

2014ರಲ್ಲಿ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಆ ಜಾಲರಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೋಡೋಸಿನ್ ಎಂಬ ಪ್ರೋಟೀನು ಇದೆ. ಅದರ ಜೀನನ್ನು ಫ್ರಾನ್ಸಿನ ವಿಜ್ಞಾನಿಗಳು 2000ದಲ್ಲಿ ಗುರುತಿಸಿದ್ದರು. ನಮ್ಮ ಮಗಳಲ್ಲಿ ಆ ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿತ್ತು. ಒಂದು ಅಪ್ಪನಿಂದ, ಒಂದು ನನ್ನಿಂದ. ಒಂದು ಪ್ರತಿ ಸರಿಯಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಾವಿಬ್ಬರೂ ಹಾಗೆ ಆರೋಗ್ಯವಾಗಿದ್ದೆವು. ಇಬ್ಬರೂ ದೋಷದ ಪ್ರತಿ ಹೊತ್ತವರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ದೂರದವರಲ್ಲಿ ಇಂಥ ಇಬ್ಬರು ಕೂಡುವುದು ಅಪರೂಪ. ರಕ್ತಸಂಬಂಧದಲ್ಲಿ ಒಂದೇ ಹಿರಿಯರಿಂದ ಇಳಿದುಬಂದ ದೋಷ ಎರಡು ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ನಮ್ಮ ಅಜ್ಜನೋ ಅಜ್ಜಿಯೋ ಒಬ್ಬರಲ್ಲಿದ್ದದ್ದು ಅತ್ತೆಯ ಮೂಲಕ ನನ್ನ ಯಜಮಾನರಿಗೂ, ನನ್ನ ಅಪ್ಪನ ಮೂಲಕ ನನಗೂ ಬಂದಿತ್ತು.

ಅದುವರೆಗೆ ನಾನು ಯಾವ ಜನ್ಮದ ಪಾಪವೋ ಎಂದು ಅಳುತ್ತಿದ್ದೆ. ವರದಿ ಬಂದ ದಿನ ಅತ್ತೆ ಅತ್ತರು. “ನಾನ ಮಾಡಿಸಿದ ಸಂಬಂಧ ಇದು. ಪಾಪ ನಂದು” ಎಂದು ಊಟ ಬಿಟ್ಟರು. ಎರಡು ದಿನ ನೀರಿನ ಮೇಲಿದ್ದರು. ನಾನೇ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಆ ಡಾಕ್ಟರು ಮರಾಠಿಯವರು, ಅತ್ತೆಗೆ ಮರಾಠಿ ಬರುತ್ತದೆ. ಅವರು ಹೇಳಿದರು: ಆಯಿ, ಇಂಥ ಒಂದೆರಡು ದೋಷದ ಪ್ರತಿ ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ, ಈ ಆಸ್ಪತ್ರೆಯಲ್ಲಿ ಕೂತವರೆಲ್ಲರಲ್ಲೂ ಇವೆ, ಇದರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಈ ವರದಿಯಿಂದ ಎರಡು ಉಪಕಾರವಾಯಿತೆಂದೂ ಹೇಳಿದರು. ಈ ಬಗೆಯ ಕಾಯಿಲೆಗೆ ಸ್ಟೆರಾಯ್ಡು ಹಿಡಿಯುವುದಿಲ್ಲ, ಆದ್ದರಿಂದ ಮಗುವಿಗೆ ವೃಥಾ ಜೋರಾದ ಔಷಧಿ ಕೊಡುವುದನ್ನು ನಿಲ್ಲಿಸಬಹುದು. ಮುಂದೆ ಕಿಡ್ನಿ ಕಸಿ ಮಾಡಿದರೆ ಹೊಸ ಕಿಡ್ನಿಯಲ್ಲಿ ಇದೇ ಕಾಯಿಲೆ ಮರುಕಳಿಸುವ ಸಂಭವ ಬಹಳ ಕಡಿಮೆ. ಅತ್ತೆ ಮನೆಗೆ ಬಂದು ಸ್ನಾನ ಮಾಡಿ ಅಡುಗೆಗೆ ನಿಂತರು. ಆಮೇಲೆ ಆ ಮಾತು ಅವರ ಬಾಯಿಂದ ಬರಲಿಲ್ಲ. ಮನಸ್ಸಿನಿಂದ ಹೋಯಿತೆಂದು ನಾನು ಹೇಳಲಾರೆ.

ಕಿಡ್ನಿ ನಿಧಾನವಾಗಿ ಸೋಲುತ್ತಿದ್ದ ಆ ವರ್ಷಗಳಲ್ಲಿ ಊಟದ ಪಥ್ಯವೇ ದೊಡ್ಡ ಕೆಲಸವಾಯಿತು. ನಮ್ಮಂಥ ಮನೆಯಲ್ಲಿ ಊಟ ಮತ್ತು ದೇವರು ಬೇರೆ ಬೇರೆ ಅಲ್ಲ. ದೇವಸ್ಥಾನಕ್ಕೆ ಹೋದರೆ ಬಾಳೆಹಣ್ಣು, ತೆಂಗಿನಕಾಯಿ. ಬಿಸಿಲಿಗೆ ಎಳನೀರು. ಕಿಡ್ನಿಗೆ ಎಳನೀರು ಒಳ್ಳೆಯದೆಂದು ಬಂದವರೆಲ್ಲ ಹೇಳುತ್ತಿದ್ದರು. ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಯಾವ ಸೂಚನೆಯೂ ಇಲ್ಲದೆ ಹೃದಯ ನಿಲ್ಲಬಹುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ತರಕಾರಿ ಹೆಚ್ಚಿ ನೀರಿನಲ್ಲಿ ನೆನೆಸಿ, ಕುದಿಸಿ, ಆ ನೀರು ಚೆಲ್ಲಿ ಆಮೇಲೆ ಪಲ್ಯ. ಕಮರಾಕ್ಷಿ ಹಣ್ಣನ್ನಂತೂ ಮುಟ್ಟಲೇಬಾರದು. ಕಿಡ್ನಿ ಸೋತವರಿಗೆ ಅದು ಪ್ರಾಣಕ್ಕೆ ಬರುವಷ್ಟು ವಿಷ.

ತೀರ್ಥ ಕೊಡಬಹುದೇ ಎಂದು ಅತ್ತೆ ಡಾಕ್ಟರನ್ನೇ ಕೇಳಿದರು. ಒಂದು ಉದ್ಧರಣೆ ಶುದ್ಧ ನೀರಾದರೆ ಅಡ್ಡಿಯಿಲ್ಲ ಎಂದರು. ಮಠದ ಅರ್ಚಕರಿಗೆ ವಿಷಯ ತಿಳಿಸಿದೆವು. ಅಂದಿನಿಂದ ಅವರು ನಮ್ಮ ಮಗಳು ಕೈ ಚಾಚಿದಾಗ ಹಣ್ಣಿನ ಬದಲು ಹೂವು, ಮಂತ್ರಾಕ್ಷತೆ ಕೊಡುತ್ತಿದ್ದರು. ಕೇಳಿದರೆ ಎಲ್ಲರೂ ಹೀಗೆ ಸಹಕರಿಸುತ್ತಾರೆ. ನಾವು ಪ್ರಸಾದ ಬೇಡವೆನ್ನುವುದು ಹೇಗೆಂದು ಸಂಕೋಚಪಟ್ಟು ಮಕ್ಕಳನ್ನು ಅಪಾಯಕ್ಕೆ ನೂಕುತ್ತೇವೆ.

2016ರಲ್ಲಿ, ಅವಳಿಗೆ ಎಂಟು ವರ್ಷವಾದಾಗ, ಡಯಾಲಿಸಿಸ್ ಬೇಕೇ ಬೇಕಾಯಿತು. ರಕ್ತದ ಡಯಾಲಿಸಿಸ್ ಆದರೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು, ಡೊಂಬಿವಿಲಿಯಿಂದ ಲೋಕಲ್ ಗಾಡಿಯಲ್ಲಿ ಮಗುವನ್ನು ಎತ್ತಿಕೊಂಡು ಹೋಗಿಬರಬೇಕು. ಮಕ್ಕಳಿಗೆ ಮನೆಯಲ್ಲೇ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಅನುಕೂಲ ಎಂದರು. ಹೊಟ್ಟೆಗೆ ಮೆತ್ತಗಿನ ಒಂದು ನಳಿಗೆ ಕೂಡಿಸುತ್ತಾರೆ. ಅದರ ಮೂಲಕ ಸಕ್ಕರೆ ಅಂಶವಿರುವ ಶುದ್ಧ ದ್ರವವನ್ನು ಚೀಲದಿಂದ ಹೊಟ್ಟೆಗೆ ಬಿಡಬೇಕು. ಕೆಲವು ತಾಸು ಒಳಗಿದ್ದು ಅದು ರಕ್ತದ ಕಸವನ್ನೂ ಹೆಚ್ಚಿನ ನೀರನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಇಳಿಸಿ ಹೊಸದು ಬಿಡಬೇಕು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ತಾಸಿಗಿಂತ ಹೆಚ್ಚು. ಭಾನುವಾರವಿಲ್ಲ, ಹಬ್ಬವಿಲ್ಲ.

ದೊಡ್ಡ ಅಪಾಯವೆಂದರೆ ನಂಜು. ನಳಿಗೆಯ ತುದಿಗೆ ಕೈ ತಾಕಿದರೆ, ಧೂಳು ಬಿದ್ದರೆ, ಹೊಟ್ಟೆಯೊಳಗೆ ಸೋಂಕು ಹೋಗುತ್ತದೆ. ನಾನು ಶಾಲೆಗೆ ಹೋದಾಗ ಮಧ್ಯಾಹ್ನದ ಚೀಲ ಬದಲಿಸುವವರು ಯಾರು? ಮನೆಯಲ್ಲಿರುವವರು ಅತ್ತೆ ಒಬ್ಬರೇ. ಆಗ ಅವರಿಗೆ ಅರವತ್ತು ವರ್ಷ, ಕನ್ನಡ ನಾಲ್ಕನೆಯ ಇಯತ್ತೆ ಓದಿದವರು. ತರಬೇತಿಗೆ ಇಬ್ಬರೂ ಹೋದೆವು. ಕಲಿಸಿದ ನರ್ಸು ಕೇರಳದವರು, ಮುರುಕು ಮರಾಠಿಯಲ್ಲಿ ಹೇಳುತ್ತಿದ್ದರು. ಕೋಣೆಯ ಬಾಗಿಲು ಕಿಟಕಿ ಮುಚ್ಚಬೇಕು, ಫ್ಯಾನು ಆರಿಸಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆಯಬೇಕು. ತೊಳೆದ ಕೈಯಿಂದ ಏನನ್ನೂ, ತಲೆಗೂದಲನ್ನೂ, ಸೆರಗನ್ನೂ, ಬಾಗಿಲ ಚಿಲಕವನ್ನೂ ಮುಟ್ಟಬಾರದು. ಮುಟ್ಟಿದರೆ ಮೊದಲಿನಿಂದ ತೊಳೆಯಬೇಕು. ನಾನು ಮೂರು ಸಲ ಮರೆತು ಸೆರಗು ಮುಟ್ಟಿದೆ. ಅತ್ತೆ ಒಂದು ಸಲವೂ ಮುಟ್ಟಲಿಲ್ಲ. ಐವತ್ತು ವರ್ಷ ಮಡಿಯಲ್ಲಿ ಅಡುಗೆ ಮಾಡಿದ ಕೈ ಅದು. “ಇದೂ ಒಂದು ಮಡೀನ ಅಲ್ಲೇನವಾ” ಎಂದರು.

ಆದರೆ ಎರಡು ಮಡಿಗಳಿಗೂ ವ್ಯತ್ಯಾಸವಿತ್ತು, ಅದನ್ನು ನರ್ಸು ಬಿಡದೆ ಹೇಳಿದರು. ರೇಷ್ಮೆ ಸೀರೆ ಮಡಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ, ದಿನಾ ಒಗೆದ ಹತ್ತಿಯ ಬಟ್ಟೆಯೇ ಬೇಕು. ಒದ್ದೆ ಬಟ್ಟೆ, ಒದ್ದೆ ಕೈ ನಡೆಯುವುದಿಲ್ಲ, ಹಸಿಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ. ಗೋಮಯದಿಂದ ಸಾರಿಸಬಾರದು. ಹತ್ತಿರ ದೀಪ, ಊದುಬತ್ತಿ, ಹೂವು ಇರಬಾರದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು “ನಮ್ಮ ಮಡಿಗಿಂತ ಬಿಗಿ ಅದ ಬಿಡವಾ” ಎಂದರು.

ನಮ್ಮದು ಒಂದು ಮಲಗುವ ಕೋಣೆಯ ಮನೆ. ಜನ ಓಡಾಡದ, ಬಾಗಿಲು ಮುಚ್ಚಬಹುದಾದ ಜಾಗವೆಂದರೆ ಬಾಲ್ಕನಿಯನ್ನು ಮುಚ್ಚಿಸಿ ಮಾಡಿದ ದೇವರ ಕೋಣೆ. ನಾನು ಬಾಯಿ ಬಿಟ್ಟು ಕೇಳುವ ಧೈರ್ಯ ಮಾಡಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ ಅತ್ತೆಯೇ ಸಾಲಿಗ್ರಾಮದ ಪೆಟ್ಟಿಗೆ, ರಾಯರ ಪಟ, ನಂದಾದೀಪ ಎಲ್ಲ ಎತ್ತಿ ಅಡುಗೆಮನೆಯ ಶೆಲ್ಫಿನ ಮೇಲೆ ಇಟ್ಟರು. ಯಜಮಾನರು ಗಾಬರಿಯಿಂದ ನೋಡಿದರು. “ದೇವರಿಗೆ ಎಲ್ಲೆ ಕೂತರೂ ನಡೀತದ. ಕೂಸಿಗೆ ನಡೆಯೂದಿಲ್ಲ” ಎಂದರು. ಗೋಡೆಗೆ ಬಿಳಿ ಬಣ್ಣ ಹೊಡೆಸಿದೆವು. ಒಂದು ಕಬ್ಬಿಣದ ಮೇಜು, ಚೀಲ ತೂಗುಹಾಕಲು ಒಂದು ಕೊಕ್ಕೆ, ತೂಕ ನೋಡಲು ತಕ್ಕಡಿ, ಅಷ್ಟೇ.

ಇನ್ನೊಂದು ಮಾತನ್ನು ರೇಡಿಯೋದಲ್ಲಿ ಹೇಳಬಹುದೋ ಇಲ್ಲವೋ, ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂಡುವ ಪದ್ಧತಿಯಿತ್ತು. ಮೊದಲ ತಿಂಗಳು ನಾನು ಹೊರಗಾದಾಗ ಅಭ್ಯಾಸಬಲದಿಂದ ಬಾಗಿಲ ಬಳಿಯೇ ನಿಂತೆ. ಅತ್ತೆ ಒಳಗಿನಿಂದಲೇ, “ಆ ಕೂಸಿನ ಹೊಟ್ಟಿ ನಾಕು ದಿನ ಕಾಯ್ತದೇನು? ಕೈ ತೊಳಕೊಂಡು ಬಾ” ಎಂದರು. ಆ ದಿನದಿಂದ ಆ ಪದ್ಧತಿ ನಮ್ಮ ಮನೆಯಲ್ಲಿ ನಿಂತಿತು. ಅದರ ಬಗ್ಗೆ ಚರ್ಚೆಯೇ ನಡೆಯಲಿಲ್ಲ.

ಹೊರಗೆ ಬಂದ ದ್ರವ ತಿಳಿಯಾಗಿರಬೇಕು. ಕದಡಿದ್ದರೆ ಸೋಂಕಿನ ಲಕ್ಷಣ, ತಕ್ಷಣ ಆಸ್ಪತ್ರೆಗೆ ಓಡಬೇಕು. ಚೀಲದ ಹಿಂದೆ ಅಚ್ಚಾದ ಕಾಗದ ಹಿಡಿದು ಅಕ್ಷರ ಓದಲು ಬರುತ್ತದೆಯೇ ನೋಡಿ ಎಂದು ನರ್ಸು ಹೇಳಿಕೊಟ್ಟಿದ್ದರು. ಅತ್ತೆ ಪಂಚಾಂಗ ಹಿಡಿಯುತ್ತಿದ್ದರು. ತಿಥಿ, ನಕ್ಷತ್ರ ಓದಿ, ಸ್ವಚ್ಛ ಅದ ಎಂದು ಹೇಳಿ, ತೂಕ ಬರೆದಿಡುತ್ತಿದ್ದರು.

ಅಕ್ಷರ ಕಾಣದ ದಿನವೂ ಬಂತು. 2017ರ ಗಣೇಶ ಚತುರ್ಥಿ. ಮನೆ ತುಂಬ ಬಂಧುಗಳು. ನಾನು ಕಡುಬಿನ ಕೆಲಸದ ನಡುವೆ ಅವಸರದಲ್ಲಿ ಹೋಗಿ, ಬಾಗಿಲು ಪೂರ್ತಿ ಹಾಕದೆ, ಕೈ ಅರೆಬರೆ ತೊಳೆದು ಚೀಲ ಬದಲಿಸಿದೆ. ಎರಡನೆಯ ದಿನ ಮಗಳಿಗೆ ಹೊಟ್ಟೆನೋವು, ಜ್ವರ. ಚೀಲದ ನೀರು ಗಂಜಿಯಂತಿತ್ತು. ಹದಿನಾಲ್ಕು ದಿನ ಆಂಟಿಬಯೋಟಿಕ್. ಉಳಿದುಕೊಂಡಳು. ತಪ್ಪು ನನ್ನದೆಂದು ಅತ್ತೆಗೆ ಗೊತ್ತಿತ್ತು, ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಹಬ್ಬಕ್ಕೆ ಮಾತ್ರ ಯಾರನ್ನೂ ಕರೆಯಲಿಲ್ಲ. ಒಂದು ತೆಂಗಿನಕಾಯಿ ಒಡೆದು ಹಬ್ಬ ಮುಗಿಸಿದರು.

ಡಯಾಲಿಸಿಸ್ ಮಗುವನ್ನು ಉಳಿಸುತ್ತದೆ, ಆದರೆ ಬೆಳೆಸುವುದಿಲ್ಲ. ಮಗಳ ಎತ್ತರ ನಿಂತುಬಿಟ್ಟಿತ್ತು. ಕಸಿಯೇ ದಾರಿ ಎಂದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಆಗ ಅತ್ತೆ, ನಂದು ತಗೋರಿ ಎಂದು ಮುಂದೆ ಬಂದರು. 1994ರ ಅಂಗಾಂಗ ಕಸಿ ಕಾಯಿದೆಯಲ್ಲಿ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು ಮಾತ್ರ ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದರು. ಆದ್ದರಿಂದ ಕಾನೂನಿನ ಅಡ್ಡಿಯಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ಅತ್ತೆಗೆ ಬಿಪಿ ಇರುವುದು ತಿಳಿಯಿತು. ಡಾಕ್ಟರು ಬೇಡವೆಂದರು. ಉಳಿದವರು ನನ್ನ ಯಜಮಾನರು.

ಆಗ ಬಂಧುಗಳ ಮಾತು ಶುರುವಾಯಿತು. ದುಡಿಯುವ ಗಂಡಸು, ಮನೆಗೆ ಒಬ್ಬನೇ ಮಗ. ಗಂಡು ಮಗು ಇದ್ದಾನಲ್ಲ, ಹೆಣ್ಣು ಮಗುವಿಗಾಗಿ ಇವನನ್ನು ಯಾಕೆ ಕತ್ತರಿಗೆ ಒಡ್ಡುತ್ತೀರಿ ಎಂದು ನೇರವಾಗಿಯೇ ಕೇಳಿದರು. ಅಂಗ ಊನವಾದರೆ ಶ್ರಾದ್ಧಾದಿ ಕರ್ಮಕ್ಕೆ ಬರುವುದಿಲ್ಲ ಎಂದೂ ಒಬ್ಬರು ಹೇಳಿದರು. ನಮ್ಮ ದೇಶದಲ್ಲಿ ಜೀವಂತವಾಗಿ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಬಹಳ, ಪಡೆಯುವವರಲ್ಲಿ ಗಂಡಸರೇ ಬಹಳ. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಕಂಡದ್ದೂ ಅದೇ. ಯಜಮಾನರು ಒಪ್ಪಿದ್ದರು, ಆದರೆ ತಾಯಿ ಬೇಡವೆಂದರೆ ಮೀರುವವರಲ್ಲ. ನಾನು ಎರಡು ರಾತ್ರಿ ಮಲಗಲಿಲ್ಲ. ಒಂದೇ ಬೆಳಿಗ್ಗೆ ಮಗನೂ ಮೊಮ್ಮಗಳೂ ಆಪರೇಶನ್ ಟೇಬಲ್ಲಿನ ಮೇಲೆ ಮಲಗುವುದನ್ನು ಯಾವ ತಾಯಿ ಒಪ್ಪಿಯಾಳು?

ಅತ್ತೆ ಮಠಕ್ಕೆ ಹೋಗಿ ಬಂದರು. ಅರ್ಚಕರನ್ನು ಏನು ಕೇಳಿದರೋ ಹೇಳಲಿಲ್ಲ. ಮನೆಗೆ ಬಂದು ಬಂಧುಗಳೆದುರೇ ಅಂದರು: “ದಧೀಚಿ ಎಲುವು ಕೊಟ್ಟಾನ, ಶಿಬಿ ಮೈಮಾಂಸ ಕೊಟ್ಟಾನ, ಅವರು ಕರ್ಮಕ್ಕ ಹೊರಗಾದರೇನು? ನಂದು ತಗೋರಿ ಅಂದೆ, ಒಲ್ಲೆ ಅಂದ್ರು. ಇನ್ನ ಅವಂದು ತಗೋರಿ.” ಇಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಅಳುವುದು ಹೊರಗೆ ಕೇಳಿಸುತ್ತಿತ್ತು.

ಯಜಮಾನರಲ್ಲೂ ಜೀನಿನ ಒಂದು ದೋಷದ ಪ್ರತಿ ಇದ್ದದ್ದರಿಂದ ಅವರ ಮೂತ್ರ, ಬಿಪಿ, ಕಿಡ್ನಿಯ ಶಕ್ತಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ಆಮೇಲೆ ಒಪ್ಪಿದರು. ಕಾಗದಪತ್ರ, ಸಮಿತಿಯ ಸಂದರ್ಶನ ಎಲ್ಲ ಮುಗಿದು 2018ರಲ್ಲಿ ಕಸಿಯಾಯಿತು. ಮಗಳಿಗೆ ಆಗ ಹತ್ತು ವರ್ಷ. ಅಪ್ಪನ ಕಿಡ್ನಿ ಅವಳ ಕಿಬ್ಬೊಟ್ಟೆಯಲ್ಲಿ ಕೂತು ಆಪರೇಶನ್ ಟೇಬಲ್ಲಿನ ಮೇಲೆಯೇ ಮೂತ್ರ ಬಂತೆಂದು ಡಾಕ್ಟರು ಹೊರಗೆ ಬಂದು ಹೇಳಿದರು. ಯಜಮಾನರು ಐದನೆಯ ದಿನ ಮನೆಗೆ ಬಂದರು, ಎರಡು ತಿಂಗಳಲ್ಲಿ ಕೆಲಸಕ್ಕೆ ಹೋದರು. ಇಂದಿಗೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತಾರೆ, ಆರೋಗ್ಯವಾಗಿದ್ದಾರೆ. ಶ್ರಾದ್ಧವನ್ನೂ ಮಾಡುತ್ತಾರೆ.

ಕಸಿಯಾದರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ದೇಹ ಹೊಸ ಕಿಡ್ನಿಯನ್ನು ಪರಕೀಯವೆಂದು ಹೊರಹಾಕದಂತೆ ದಿನಕ್ಕೆರಡು ಸಲ, ಹನ್ನೆರಡು ತಾಸಿನ ಅಂತರದಲ್ಲಿ ಮಾತ್ರೆ ನುಂಗಬೇಕು. ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟು, ರಾತ್ರಿ ಎಂಟು. ಆ ಮಾತ್ರೆಯಿಂದ ಸೋಂಕು ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಆದ್ದರಿಂದ ಜನಸಂದಣಿ, ಹೊರಗಿನ ಊಟ, ತೆರೆದಿಟ್ಟ ಪ್ರಸಾದ ಬೇಡ. ಚಕ್ಕೋತ ಹಣ್ಣು ಆ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಗಣಪತಿಯ ಫಲಾವಳಿಯಿಂದ ಅತ್ತೆ ಅದನ್ನು ತೆಗೆದುಹಾಕಿದರು. ಕಸಿ ಮಾಡಿದ ಕಿಡ್ನಿಗೂ ಆಯುಷ್ಯವಿದೆ. ಮುಂದೆ ಎಂದಾದರೂ ಇನ್ನೊಂದು ಬೇಕಾಗಬಹುದು. ಇದನ್ನು ಮಗಳಿಗೆ ಬಚ್ಚಿಟ್ಟಿಲ್ಲ.

ಮಂತ್ರಾಲಯದ ಹರಕೆ ಬಾಕಿಯಿತ್ತು. ಡಾಕ್ಟರು ಒಪ್ಪುವವರೆಗೆ ಹೋಗಲಿಲ್ಲ. 2019ರ ಕೊನೆಯಲ್ಲಿ, ಜನ ಕಡಿಮೆಯಿರುವ ದಿನ ನೋಡಿ ಹೋದೆವು. ಸಂಜೆ ಸಾಲಿನಲ್ಲಿ ನಿಂತಿದ್ದಾಗ ಎಂಟು ಗಂಟೆಯ ಅಲಾರಂ ಹೊಡೆಯಿತು. ಬೃಂದಾವನ ಇನ್ನೇನು ಹತ್ತು ಹೆಜ್ಜೆಯಲ್ಲಿತ್ತು. ದರ್ಶನ ಮಾಡಿ ಬಂದು ನುಂಗುತ್ತೇನೆ ಎಂದಳು ಮಗಳು. ಅತ್ತೆ ಅವಳ ಕೈ ಹಿಡಿದು ಸಾಲಿನಿಂದ ಹೊರಗೆ ಕರೆತಂದು, ಮನೆಯಿಂದ ತಂದ ಕುದಿಸಿದ ನೀರಿನಲ್ಲಿ ಮಾತ್ರೆ ನುಂಗಿಸಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ನಂಬಿಕೆಯಿಂದ ಕಾಯಿಲೆ ವಾಸಿಯಾಯಿತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇಲ್ಲ. ವಾಸಿಯಾಗಿದ್ದು ಔಷಧಿ, ಆಪರೇಶನ್ ಮತ್ತು ಒಬ್ಬ ತಂದೆಯ ಕಿಡ್ನಿಯಿಂದ. ಆದರೆ ಎರಡು ವರ್ಷ, ದಿನಕ್ಕೆ ನಾಲ್ಕು ಸಲ, ಬೇಸರವಿಲ್ಲದೆ ಕೈ ತೊಳೆಯುವ ಶಕ್ತಿ ನಮ್ಮ ಅತ್ತೆಗೆ ಅವರ ದೇವರಿಂದಲೇ ಬಂತೆಂದು ನಾನು ನಂಬುತ್ತೇನೆ. ಮೊದಲು ಅವರು, ಕೂಸು ಗುಣವಾದರೆ ಇಂಥದ್ದು ಮಾಡುತ್ತೇನೆ ಎಂದು ಹರಕೆ ಹೊರುತ್ತಿದ್ದರು. ಡಯಾಲಿಸಿಸ್ ಶುರುವಾದ ಮೇಲೆ ಹೊಸ ಹರಕೆ ಹೊರಲಿಲ್ಲ. ಇವತ್ತಿನ ಕೆಲಸ ಇವತ್ತು ಸರಿಯಾಗಿ ಮಾಡಿಸು ಎಂದಷ್ಟೇ ಬೇಡುತ್ತಿದ್ದರು.

ಮುಗಿಸುವ ಮೊದಲು ತಂದೆತಾಯಿಗಳಿಗೆ ನಾಲ್ಕು ಮಾತು. ಮಗುವಿನ ಕಣ್ಣು, ಮುಖ ಬೆಳಿಗ್ಗೆ ಊದಿದರೆ, ಮೂತ್ರದಲ್ಲಿ ನೊರೆ ನಿಂತರೆ, ಮಗು ಬಿಳಿಚಿಕೊಂಡು ಎತ್ತರ ಬೆಳೆಯದಿದ್ದರೆ, ಮೂತ್ರದ ಸೋಂಕಿನಿಂದ ಪದೇ ಪದೇ ಜ್ವರ ಬಂದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದರೆ, ಮೂತ್ರ ಪರೀಕ್ಷೆ ಮಾಡಿಸಿ. ಬಹಳ ಅಗ್ಗದ ಪರೀಕ್ಷೆ ಅದು. ಮಕ್ಕಳಿಗೂ ಬಿಪಿ ನೋಡಬೇಕೆಂದು ಡಾಕ್ಟರನ್ನು ಕೇಳಿ. ರಕ್ತಸಂಬಂಧದ ಮದುವೆಯಾದವರು, ಮನೆತನದಲ್ಲಿ ಇಂಥ ಕಾಯಿಲೆಯಿದ್ದರೆ, ಮಗುವಿಗೆ ಮೊದಲೇ ಜೀನ್ ಸಲಹೆ ಪಡೆಯಿರಿ. ಹಣದ ತೊಂದರೆಯಿದ್ದವರು ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಬಗ್ಗೆ ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅದು 2016ರಲ್ಲಿ ಆರಂಭವಾಯಿತು. ಮನೆಯಲ್ಲಿ ಮಾಡುವ ಡಯಾಲಿಸಿಸ್‌ಗೆ 2019ರಲ್ಲಿ ಮಾರ್ಗಸೂಚಿ ಬಂತು. ದಾನಿಗಳಾಗುವ ಬಂಧುಗಳು ಇಲ್ಲದ ಮಕ್ಕಳು ಮರಣಾನಂತರದ ದಾನಕ್ಕಾಗಿ ಕಾಯುತ್ತಿದ್ದಾರೆ. ಮುಂಬಯಿಯಲ್ಲಿ ವಲಯ ಕಸಿ ಸಮನ್ವಯ ಕೇಂದ್ರ, ಕರ್ನಾಟಕದಲ್ಲಿ ಜೀವಸಾರ್ಥಕತೆ ಈ ಕೆಲಸ ನೋಡಿಕೊಳ್ಳುತ್ತವೆ. ನಿಮ್ಮ ಇಚ್ಛೆಯನ್ನು ಮನೆಯವರಿಗೆ ಈಗಲೇ ಹೇಳಿಡಿ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಿ. ಮಾತ್ರೆಯ ಡಬ್ಬಿ ಅವಳ ಜವಾಬ್ದಾರಿ. ದೇವರು ಮಾತ್ರ ಇನ್ನೂ ಅಡುಗೆಮನೆಯ ಶೆಲ್ಫಿನ ಮೇಲೆಯೇ ಇದ್ದಾರೆ. ಆ ಕೋಣೆಯಲ್ಲಿ ಅವಳು ಓದಿಕೊಳ್ಳುತ್ತಾಳೆ.

ಅತ್ತೆಯವರು ಈ ಮಾತುಗಳನ್ನು ಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೇಳುತ್ತಿದ್ದಾರೆ. ಹೊರಡುವಾಗ ಅವರೊಂದು ಮಾತು ಹೇಳಿ ಕಳಿಸಿದ್ದಾರೆ, ಅವರ ಮಾತಿನಲ್ಲೇ ಹೇಳುತ್ತೇನೆ: “ಮಕ್ಕಳ ಮುಖ ಬಾತರ ಬರೇ ದೃಷ್ಟಿ ತಗದು ಕೂಡಬ್ಯಾಡ್ರಿ. ದೃಷ್ಟಿನೂ ತಗೀರಿ, ಉಚ್ಚೀನೂ ತಪಾಸ ಮಾಡಸ್ರಿ.”